ದುರ್ಗದ ಇಲಿಯಡ್ ಕ್ಲಾಸಿಗೆ ಸೇರಬಹುದಾ?

ಚಿತ್ರದುರ್ಗದ ಜೆ.ಸಿ.ಆರ್. ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಇಲಿಯಡ್ ಕ್ಲಾಸಿನ ಬಗ್ಗೆ ಕೇಳುವವರಿಗೆ ನನ್ನ ಉತ್ತರ: ಖಂಡಿತ ಸೇರಿ. ಇಲಿಯಡ್ ಅಂದರೆ ಹೋಮರನದ್ದು ಎನ್ನಲಾಗುವ, ಟ್ರಾಯ್ ಯುದ್ಧದ ಹಳೇ ಗ್ರೀಕ್ ಮಹಾಕಾವ್ಯ. ಗ್ರೀಕ್ ಬರಬೇಕಾಗಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆ ಮಹಡಿಯಲ್ಲಿ ನಡೆಸುತ್ತಾರೆ, ಫೀ ಒಂದು ಬ್ಯಾಚಿಗೆ 1,200 ರೂಪಾಯಿ. ಬರೀ ಕಥೆ ಬೇಕಿದ್ದರೆ ಪುಸ್ತಕವೇ ಸಾಕು. ಈ ಕಾವ್ಯವನ್ನು ವಿದ್ವಾಂಸರು ಹೇಗೆ ಓದಿದರು, ಯಾತಕ್ಕೆ ಕಿತ್ತಾಡಿದರು ಅನ್ನೋದೇ ಇಲ್ಲಿನ ಪಾಠ.

ಇಲಿಯಡ್ ಕೈಗೆತ್ತಿಕೊಂಡವರಿಗೆ ಮೊದಲು ಬೇಜಾರಾಗುವುದು ಹೇಳಿದ್ದನ್ನೇ ಹೇಳುವುದರಿಂದ, ಅಲ್ವಾ? ಗ್ರೀಕರ ದೊಡ್ಡ ವೀರ ಅಕಿಲೀಸ್ ಸುಮ್ನೆ ಕೂತಿದ್ದರೂ 'ವೇಗದ ಕಾಲಿನ ಅಕಿಲೀಸ್'. 1928ರಲ್ಲಿ ಪ್ಯಾರಿಸ್ಸಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಇದನ್ನು ಬಿಡಿಸಿ ತೋರಿಸಿದರು: ಛಂದಸ್ಸಿನ ಸಾಲಿನಲ್ಲಿ ಎಷ್ಟು ಜಾಗ ಉಳಿದಿದೆಯೋ ಅದಕ್ಕೆ ಕೂರುವ ಬಿರುದು ಬರುತ್ತದೆ, ಇಷ್ಟೊಂದು ಅಚ್ಚುಕಟ್ಟಾದ ಏರ್ಪಾಡು ಒಬ್ಬನೇ ಕವಿ ಮಾಡಿಕೊಂಡದ್ದಲ್ಲ, ತಲೆಮಾರುಗಳಿಂದ ಬಂದದ್ದು. ಆಮೇಲೆ ಶಿಷ್ಯ ಆಲ್ಬರ್ಟ್ ಲಾರ್ಡ್ ಜೊತೆ ಆಗಿನ ಯುಗೊಸ್ಲಾವಿಯಾಕ್ಕೆ ಹೋಗಿ, ಬಾಯಲ್ಲೇ ಕಾವ್ಯ ಕಟ್ಟಿ ಹಾಡುವ ಹಾಡುಗಾರರನ್ನು ರೆಕಾರ್ಡ್ ಮಾಡಿದರು. 1935ರಲ್ಲಿ ಅವ್ದೊ ಮೆಜೆದೊವಿಚ್ ಎಂಬ ಓದುಬರಹ ಬಾರದ ಹಾಡುಗಾರ 12,000ಕ್ಕೂ ಜಾಸ್ತಿ ಸಾಲಿನ ಒಂದು ಕಾವ್ಯ ಕಟ್ಟಿದ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಷ್ಟೇ ಉದ್ದ, ಹೆಚ್ಚುಕಡಿಮೆ!

ಮೇಷ್ಟ್ರು ಆ ಹಾಡುಗಾರರು ನುಡಿಸುವ ಗುಸ್ಲೆ ಎಂಬ ತಂತಿ ವಾದ್ಯದ ರೆಕಾರ್ಡಿಂಗ್ ಕೇಳಿಸಿ, ಅದರ ಬೆನ್ನಿಗೇ ನಮ್ಮ ಕಾಡುಗೊಲ್ಲರು ಗಣೆ ಎಂಬ ಕೊಳಲಿನ ಜೊತೆ ಹಾಡುವ ಜುಂಜಪ್ಪನ ಕಥೆ ಹಾಕಿದರು. ಕೇಳುತ್ತಾ ಮೈ ಜುಮ್ಮೆಂದಿತು. ಚಳ್ಳಕೆರೆ ಕಡೆಯ ಒಬ್ಬರು, "ನಮ್ಮೂರಲ್ಲಿ ಹಾಡೋರು ಒಂದೊಂದ್ಸಲ ಒಂದೊಂಥರ ಹಾಡ್ತಾರೆ ಸಾರ್, ಕೇಳಿದ್ರೆ ಅದೇ ಹಾಡು ಅಂತಾರೆ" ಅಂದರು. ಲಾರ್ಡ್ ಕೂಡ ಕಂಡುಕೊಂಡಿದ್ದು ಇದನ್ನೇ. ಹಾಡುಗಾರರು ಒಂದಕ್ಷರ ಬದಲಿಸಿಲ್ಲ ಅಂತಿದ್ದರು, ರೆಕಾರ್ಡಿಂಗ್ ಹೋಲಿಸಿದರೆ ಬೇರೆ ಬೇರೆ.

ಆದರೆ ನನಗೆ ತುಂಬಾ ಹಿಡಿಸಿದ್ದು ಆರನೇ ಭಾಗದ ಪಾಠ. 440ನೇ ಸಾಲಿನಲ್ಲಿ ಹೆಂಡತಿಗೆ ಉತ್ತರ ಕೊಡುವ ಟ್ರಾಯ್ ರಾಜಕುಮಾರ ಹೆಕ್ಟರ್ 'ಹೊಳೆಯುವ ಶಿರಸ್ತ್ರಾಣದ ಹೆಕ್ಟರ್'. ಮಾಮೂಲಿ ಬಿರುದು, ಪ್ಯಾರಿ ಲೆಕ್ಕದಲ್ಲಿ ಅದರ ಮೇಲೆ ಗಮನ ಕೊಡಬೇಕಾಗಿಲ್ಲ. 466ರಲ್ಲಿ ಮಗುವಿಗೆ ಕೈ ಚಾಚುತ್ತಾನೆ. ಮಗು ಅದೇ ಶಿರಸ್ತ್ರಾಣದ ಮೇಲೆ ಅಲ್ಲಾಡುವ ಕುದುರೆ ಕೂದಲಿನ ಜುಟ್ಟು ನೋಡಿ ಹೆದರಿ, ಕಿರುಚಿ ದಾದಿಯ ಎದೆಗೆ ಅವುಚಿಕೊಳ್ಳುತ್ತದೆ. ಅಪ್ಪ ಅಮ್ಮ ನಗುತ್ತಾರೆ. ಹೆಕ್ಟರ್ ಶಿರಸ್ತ್ರಾಣ ತೆಗೆದು ನೆಲಕ್ಕಿಟ್ಟು ಮಗುವನ್ನು ಮುದ್ದಾಡುತ್ತಾನೆ. ಜಾಗ ತುಂಬಿಸಲು ಬಂದ ಮಾತೇ ಇಲ್ಲಿ ಕಥೆಯ ಒಳಗೆ ಬಂದು ಕೂತಿದೆ. ಹಾಗಾದರೆ ಇದು ಪರಂಪರೆಯ ಕೆಲಸವೋ, ಒಬ್ಬ ದೊಡ್ಡ ಕವಿಯ ಕೈಚಳಕವೋ? ಎರಡೂ ಅಂತ ನನಗನ್ನಿಸುತ್ತದೆ. ಮೇಷ್ಟ್ರು ಪ್ಯಾರಿ ಕಡೆಗೇ ಜಾಸ್ತಿ ವಾಲುತ್ತಾರೆ, ಆದರೆ ಎದುರು ವಾದ ಮಾಡಿದರೆ ಕೂತು ಕೇಳುತ್ತಾರೆ.

ಕೊರತೆಗಳಿವೆ. ಜೆರಾಕ್ಸ್ ಹಾಳೆಗಳೆಲ್ಲ ಇಂಗ್ಲಿಷ್, ಅಕ್ಷರ ತೀರಾ ಸಣ್ಣ. ಮೆಟ್ಟಿಲು ಕಡಿದು, ಮಂಡಿನೋವಿನವರಿಗೆ ಕಷ್ಟ. ಇದೆಲ್ಲಕ್ಕಿಂತ ಬೇಸರದ ವಿಷಯ ಅಂದರೆ 24ನೇ ಭಾಗವನ್ನು ಕೊನೇ ದಿನ ಅವಸರದಲ್ಲಿ ಓಡಿಸಿಬಿಟ್ಟರು. ತನ್ನ ಮಕ್ಕಳನ್ನು ಕೊಂದ ಅಕಿಲೀಸನ ಕೈಗೆ ಹೆಕ್ಟರನ ಅಪ್ಪ, ಮುದುಕ ರಾಜ ಪ್ರಿಯಾಮ್ ಮುತ್ತಿಡುವ ಜಾಗ ಅದು. ಅದಕ್ಕೆ ಒಂದು ಪೂರ್ತಿ ಭಾನುವಾರ ಕೊಡಲೇಬೇಕಿತ್ತು.

ಮುಂದಿನ ಬ್ಯಾಚು ದಸರಾ ಆದಮೇಲೆ. ಸೇರುವವರು ಆರನೇ ಭಾಗ ಓದಿಕೊಂಡು ಹೋಗಿ, 24ನೇದಕ್ಕೆ ಟೈಮ್ ಇಡಿ ಅಂತ ಮೊದಲೇ ಕೇಳಿ. ಕೇಳಿದರೆ ಇಲ್ಲ ಅನ್ನುವವರಲ್ಲ ಅವರು.