ಕ್ಯಾಪಿಟಲ್ ರೀಫ್: ಸೇಬು ಸಿಗುವ ಮರುಭೂಮಿ

ಅಮೆರಿಕದ ಯೂಟಾ ರಾಜ್ಯ ನೋಡೋಕೆ ಬಂದವರೆಲ್ಲ ಜಯಾನ್, ಬ್ರೈಸ್ ಉದ್ಯಾನಗಳು ಅಂತ ಓಡುತ್ತಾರೆ. ಊರಿಂದ ಬಂದಿದ್ದ ಅಪ್ಪನನ್ನು ನಾನು ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಸಾಲ್ಟ್ ಲೇಕ್ ಸಿಟಿಯಿಂದ ಕಾರಲ್ಲಿ ಮೂರೂವರೆ ಗಂಟೆ. ಸೆಪ್ಟೆಂಬರ್ ಕೊನೆ, ಜನ ಕಡಿಮೆ.

ಅಪ್ಪ ಬಾಗಲಕೋಟೆ ಕಡೆಯವರು. ಕೆಂಪು ಬಂಡೆ ಕಂಡ ಕೂಡಲೇ, "ಬಾದಾಮಿ ನೋಡಾಕ ಇಷ್ಟು ದೂರ ಬರಬೇಕಿತ್ತೇನವ್ವಾ?" ಅಂದರು. ಎರಡೂ ಕಡೆ ಮರಳುಗಲ್ಲೇ, ನಿಜ. ಆದರೆ ಇಲ್ಲಿ ನೆಲವೇ ಮಡಚಿಕೊಂಡು ಸುಮಾರು 160 ಕಿಲೋಮೀಟರ್ ಉದ್ದಕ್ಕೆ ಎದ್ದು ನಿಂತಿದೆ. ಬಂಡೆಯ ಗುಳಿಗಳಲ್ಲಿ ಮಳೆನೀರು ನಿಲ್ಲುತ್ತದೆ, ಅದಕ್ಕೇ ಈ ಮಡಿಕೆಗೆ ವಾಟರ್‌ಪಾಕೆಟ್ ಫೋಲ್ಡ್ ಅಂತ ಹೆಸರು.

ನಡೆಯೋಕೆ ಕ್ಯಾಸಿಡಿ ಆರ್ಚ್ ದಾರಿ ಹಿಡಿದೆವು. ಹೋಗಿಬರಲು ಐದು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ, 200 ಮೀಟರ್ ಏರು. ಮೊದಲು ಗ್ರ್ಯಾಂಡ್ ವಾಷ್ ಅನ್ನುವ ಒಣಹಳ್ಳ, ಆಮೇಲೆ ಬರೀ ಬಂಡೆ ಮೇಲೆ ಹತ್ತೋದು. ಮೇಲೆ ಹೋದರೆ ಕಲ್ಲಿನ ಕಮಾನು ಕಾಲ ಕೆಳಗೇ ಇರುತ್ತದೆ, ಅದರ ಮೇಲೂ ನಡೆಯಬಹುದು. ನಾನು ನಡೆಯಲಿಲ್ಲ. ಅಪ್ಪ ನಡೆದರು!

ಅರ್ಧ ದಾರಿಯಲ್ಲಿ, ಬಾಡಿಗೆಗೆ ತಂದಿದ್ದ ನೀರಿನ ಚೀಲ ಸೋರಿ ನನ್ನ ಬೆನ್ನೆಲ್ಲ ಒದ್ದೆ. ನೀವು ತರುವಾಗ ಅಂಗಡಿಯಲ್ಲೇ ತುಂಬಿ ನೋಡಿ. ದಾರಿಯಲ್ಲಿ ಎಲ್ಲೂ ನೀರಿಲ್ಲ. ಅಪ್ಪನ ಸ್ಟೀಲ್ ಬಾಟಲಿಯೇ ನಮ್ಮನ್ನು ಕಾಪಾಡಿದ್ದು. ಮಳೆ ಮುನ್ಸೂಚನೆ ಇದ್ದರೆ ಮಾತ್ರ ಹಳ್ಳಕ್ಕೆ ಇಳಿಯಲೇಬೇಡಿ. 2022ರ ಜೂನ್‌ನಲ್ಲಿ ದಿಢೀರ್ ನೆರೆ ಬಂದು ಇದೇ ಗ್ರ್ಯಾಂಡ್ ವಾಷ್‌ನಲ್ಲಿ ಕಾರುಗಳು ಕೊಚ್ಚಿಹೋಗಿದ್ದವು.

ನನ್ನ ಪೂರ್ತಿ ಅಂಕ ಉದ್ಯಾನದೊಳಗಿನ ಹಳೇ ಊರು ಫ್ರೂಟಾಗೆ. 1880ರ ದಶಕದಲ್ಲಿ ಬಂದು ನೆಲೆಸಿದ ಮಾರ್ಮನ್ (ಒಂದು ಕ್ರೈಸ್ತ ಪಂಥ) ಕುಟುಂಬಗಳು ಫ್ರೀಮಾಂಟ್ ನದಿ ಪಕ್ಕ ಬೆಳೆಸಿದ ತೋಟಗಳು. ಸುತ್ತ ಮರುಭೂಮಿ, ನಡುವೆ ಸೇಬು, ಪೀಚ್, ಚೆರ್ರಿ. ಋತುವಿಗೆ ತಕ್ಕ ಹಣ್ಣು. ಅಲ್ಲಿನ ಹಳೇ ತೋಟದಮನೆ ಗಿಫರ್ಡ್ ಹೌಸ್‌ನಲ್ಲಿ ಸಿಗುವ ಪೈ (ಹಣ್ಣು ತುಂಬಿ ಬೇಯಿಸಿದ ತಿನಿಸು) ಎಲ್ಲರೂ ಹೊಗಳುತ್ತಾರೆ. ನನಗೆ ಸಿಹಿ ಜಾಸ್ತಿ ಅನ್ನಿಸಿತು. ಮರದಿಂದ ಕಿತ್ತ ಸೇಬಿನ ಮುಂದೆ ಅದು ಏನೂ ಅಲ್ಲ. ತೋಟದಲ್ಲೇ ನಿಂತು ತಿಂದರೆ ದುಡ್ಡಿಲ್ಲ. ಮನೆಗೆ ಒಯ್ಯೋದಾದರೆ ನಾವೇ ತೂಗಿ, ನಾವೇ ಡಬ್ಬಿಗೆ ದುಡ್ಡು ಹಾಕಬೇಕು.

"ಕಾಯಾಂವ ಎಲ್ಲಿ?" ಅಂತ ಅಪ್ಪ ಸುತ್ತ ನೋಡಿದರು. ಯಾರೂ ಇರಲಿಲ್ಲ. ಎರಡು ಸಲ ತೂಗಿ, ಚಿಲ್ಲರೆ ಇಲ್ಲ ಅಂತ ಒಂದು ಡಾಲರ್ ಜಾಸ್ತಿಯೇ ಹಾಕಿದರು.