ನೆಲದ ಮೇಲೆ ಸೋಲಾರ್ ಹಾಕಿಸಿದವರು ಒಮ್ಮೆ ಪ್ಯಾನೆಲ್ ಅಡಿಗೆ ಬಗ್ಗಿ ನೋಡಿ

ಕೊಡಗಿನ ತೋಟದ ಮನೆಗಳ ಮಾಡಿನ ಮೇಲೆ ಬಿಸಿಲು ಬೀಳುವುದೇ ಕಡಿಮೆ. ಸುತ್ತ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು. ತೋಟದಲ್ಲಿ ಬಟಾಬಯಲು ಅಂತ ಇರುವುದು ಕಾಫಿ ಒಣಗಿಸುವ ಕಣ ಒಂದೇ. ಹಾಗಾಗಿ ಪ್ಯಾನೆಲ್‌ಗಳು ಕಣದ ಅಂಚಿಗೆ ಬಂದು ನೆಲದ ಮೇಲೆ ಕೂರುತ್ತವೆ. ಕೆಲಸದವರು ಓಡಾಡುವುದು, ಲೈನ್ ಮನೆಯ (ಕೆಲಸದವರ ಸಾಲುಮನೆಯ) ಮಕ್ಕಳು ಆಡುವುದು, ನಾಯಿ ಮಲಗುವುದು ಎಲ್ಲವೂ ಅಲ್ಲೇ. ಮಾಡಿನ ಮೇಲಿದ್ದಿದ್ದರೆ ಯಾರ ಕೈಗೂ ಸಿಗದ ತಂತಿ ಇಲ್ಲಿ ಸೊಂಟದ ಎತ್ತರದಲ್ಲಿ ತೂಗಾಡುತ್ತಿರುತ್ತದೆ.

ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ, ಮಳೆ ನಿಂತು ಕಳೆ ತೆಗೆಯುವ ಹೊತ್ತಿನಲ್ಲಿ ಆದದ್ದು ಇದು. 540 ವ್ಯಾಟ್‌ನ ಹತ್ತು ಪ್ಯಾನೆಲ್, ಐದೈದರಂತೆ ಎರಡು ಸಾಲು, ಹತ್ತೂ ಒಂದೇ ಸರಣಿಯಲ್ಲಿ, ಅಂದರೆ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದ್ದು. ಮುಂದಿನ ಅಂಚು ನೆಲದಿಂದ ಒಂದೂವರೆ ಅಡಿ, ಹಿಂದಿನದು ಐದಡಿ. ಹಾಕಿದವರು ಮಿಕ್ಕ ತಂತಿಯನ್ನು ಕತ್ತರಿಸದೆ ಸುರುಳಿ ಸುತ್ತಿ, ಬಿಳಿ ನೈಲಾನ್ ಟೈ ಬಿಗಿದು ಹಿಂದೆ ನೇತುಹಾಕಿದ್ದರು. ಆ ಬಿಳಿ ಟೈಗಳು ಬಿಸಿಲಿಗೆ ಒಣಗಿ ಪುಡಿಪುಡಿಯಾಗಿ, ಸುರುಳಿ ಹುಲ್ಲಿಗೆ ಬಿದ್ದಿತ್ತು. ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರ ತಾಗಿ ತಂತಿಯ ಹೊದಿಕೆ ಸೀಳಿತ್ತು. ಗಾಯ ಒಂದು ಕಾಫಿ ಬೀಜದಷ್ಟು ಉದ್ದ, ಅಷ್ಟೇ. ಒಳಗಿನ ತವರ ಲೇಪದ ಎಳೆಗಳು ಬೆಳ್ಳಿ ಬಣ್ಣ ಕಳೆದುಕೊಂಡು ಕಪ್ಪಾಗಿದ್ದವು. ಅಂದರೆ ಅದು ಅವತ್ತಿನ ಗಾಯವಲ್ಲ, ಮಳೆಗಾಲಕ್ಕೆ ಮುಂಚಿನದು.

ಯಂತ್ರಕ್ಕೆ ಅಡ್ಡ ಬರುತ್ತದೆಂದು ಕೆಲಸದವರೊಬ್ಬರು ಎಡಗೈಯಲ್ಲಿ ಪ್ಯಾನೆಲ್‌ನ ಕಾಲು ಹಿಡಿದು ಬಲಗೈಯಲ್ಲಿ ಸುರುಳಿ ಎತ್ತಿದರು. ಎತ್ತಿ ಎಸೆದಂತೆ ಹಿಂದಕ್ಕೆ ಬಿದ್ದರು. ಅಂಗೈ ಸುಟ್ಟಿತು. ಬೀಳುವಾಗ ತಂತಿ ಕೈಬಿಟ್ಟಿತು, ಅದಕ್ಕೇ ಜೀವ ಉಳಿಯಿತು.

ಆಮೇಲೆ ಹುಡುಕಿದಾಗ ಎರಡನೇ ದೋಷ ಸಿಕ್ಕಿತು. ಸರಣಿಯ ಇನ್ನೊಂದು ತುದಿಯಲ್ಲಿ ನೆಗೆಟಿವ್ ತಂತಿ ಪ್ಯಾನೆಲ್ ಚೌಕಟ್ಟಿಗೂ ಅದರ ಕೆಳಗಿನ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಮನೆಗಳಿಗೆ ಹಾಕುವ ಹೆಚ್ಚಿನ ಸೋಲಾರ್‌ಗಳಲ್ಲಿ ಡಿಸಿ ತಂತಿಗಳೆರಡರಲ್ಲಿ (ಪ್ಯಾನೆಲ್‌ನಿಂದ ಒಂದೇ ದಿಕ್ಕಿನ ಕರೆಂಟ್ ಒಯ್ಯುವ ಪಾಸಿಟಿವ್, ನೆಗೆಟಿವ್) ಒಂದನ್ನೂ ಭೂಮಿಗೆ ಜೋಡಿಸಿರುವುದಿಲ್ಲ. ಹಾಗಾಗಿ ಒಂದು ಕಡೆ ಹೊದಿಕೆ ಹರಿದರೆ ಏನೂ ಆದಂತೆ ಕಾಣುವುದಿಲ್ಲ, ಕರೆಂಟ್ ಎಂದಿನಂತೆ ಬರುತ್ತಿರುತ್ತದೆ. ಆದರೆ ಆ ಹೊತ್ತಿನಿಂದ ಚೌಕಟ್ಟು, ಕಾಲು, ಒದ್ದೆ ನೆಲ ಎಲ್ಲವೂ ನೆಗೆಟಿವ್ ತಂತಿಯೇ ಆಗಿಬಿಡುತ್ತವೆ. ಇನ್ನೊಂದು ತಂತಿಯನ್ನು ಮುಟ್ಟಿದವರ ಮೈಮೇಲೆ ಸರಣಿಯ ಪೂರ್ತಿ ವೋಲ್ಟೇಜ್ ಬೀಳುತ್ತದೆ.

ಪ್ಯಾನೆಲ್‌ನ ಡಿಸಿಯನ್ನು ಮನೆಯ ಎಸಿ ಕರೆಂಟ್ ಮಾಡುವ ಇನ್ವರ್ಟರ್ ಇದನ್ನು ಮೊದಲೇ ಹೇಳಿತ್ತು. ಜುಲೈನಿಂದ ಮಳೆಯ ಬೆಳಗಿನಲ್ಲಿ 'ಐಸೊಲೇಷನ್ ಫಾಲ್ಟ್' ಎಂದು ತೋರಿಸಿ ನಿಂತುಬಿಡುತ್ತಿತ್ತು, ಹೊತ್ತೇರಿ ಪ್ಯಾನೆಲ್ ಅಡಿ ಒಣಗಿದ ಮೇಲೆ ತಾನಾಗಿಯೇ ಶುರುವಾಗುತ್ತಿತ್ತು. ಹಾಕಿದವರಿಗೆ ಫೋನ್ ಮಾಡಿದರೆ, 'ಮಳೆಗೆ ಹಾಗಾಗುತ್ತೆ, ಆಫ್ ಮಾಡಿ ಆನ್ ಮಾಡಿ' ಎಂಬ ಉತ್ತರ. ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಒದ್ದೆಯಾದಾಗ ಬಂದು ಒಣಗಿದಾಗ ಹೋಗುವ ಐಸೊಲೇಷನ್ ಫಾಲ್ಟ್ ಎಂದರೆ ಎಲ್ಲೋ ತಂತಿಯ ಹೊದಿಕೆ ಹರಿದಿದೆ, ಇಲ್ಲವೇ ಕನೆಕ್ಟರ್ ಒಳಗೆ ನೀರು ಇಳಿದಿದೆ. ಮೆಗ್ಗರ್ (ತಂತಿಯ ಹೊದಿಕೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೀಟರ್) ತಂದು ಪರೀಕ್ಷಿಸಲು ಹೇಳಿ. ಈ ಅಳತೆಯ ಸರಣಿಗೆ 1000 ವೋಲ್ಟ್ ಪರೀಕ್ಷೆ, ಕನಿಷ್ಠ 1 ಮೆಗಾಓಮ್ ಬರಬೇಕು. ಒದ್ದೆ ಇರುವಾಗಲೇ ಅಳೆಯಬೇಕು. ಫೆಬ್ರವರಿಯ ಮಧ್ಯಾಹ್ನ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇಂಥ ಒಂದು ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಕರೆಂಟ್ ಹರಿಯದೆ ಇರುವಾಗಿನ ವೋಲ್ಟೇಜ್, ಸುಮಾರು 49. ಹತ್ತು ಸೇರಿದರೆ 490ರ ಹತ್ತಿರ, ಚಳಿಯ ಬೆಳಿಗ್ಗೆ ಇನ್ನೂ ಸ್ವಲ್ಪ ಮೇಲೆ. 'ಮೋಡ ಕವಿದಿದೆ, ಕರೆಂಟ್ ಇರಲ್ಲ' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ತಪ್ಪು. ಮೋಡಕ್ಕೆ ಇಳಿಯುವುದು ಆಂಪಿಯರ್. ವೋಲ್ಟೇಜ್ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ, ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲೂ ಸಾಕು. ಲೈನ್ ಕರೆಂಟ್ ಹೋದಾಗ ಇನ್ವರ್ಟರ್ ನಿಲ್ಲುತ್ತದೆ, ಆದರೆ ಪ್ಯಾನೆಲ್ ತಂತಿಯ ವೋಲ್ಟೇಜ್ ಆಗ ಕೆಲಸ ಮಾಡುವಾಗಿನದಕ್ಕಿಂತ ಹೆಚ್ಚಿರುತ್ತದೆ. ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಈ ಡಿಸಿ ಬದಿಗೆ ಕಾವಲಲ್ಲ. ಫ್ಯೂಸೂ ಹಾರುವುದಿಲ್ಲ: ಕೆಲಸ ಮಾಡುವಾಗ 13 ಆಂಪಿಯರ್, ಪೂರ್ತಿ ಶಾರ್ಟ್ ಆದರೂ 14ರ ಆಸುಪಾಸು. ಫ್ಯೂಸ್‌ಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಉಳಿಯುವ ದಾರಿ, ಕೈ ತಂತಿಗೆ ತಲುಪದಂತೆ ಮಾಡುವುದು. ಅಮೆರಿಕದ ವಿದ್ಯುತ್ ನಿಯಮಾವಳಿ ಕೈಗೆ ಸುಲಭವಾಗಿ ಸಿಗುವ ಜಾಗದಲ್ಲಿ 30 ವೋಲ್ಟ್ ಮೀರಿದ ಸೋಲಾರ್ ತಂತಿಯನ್ನು ಮರೆಯಿಲ್ಲದೆ ಬಿಡಲು ಒಪ್ಪುವುದಿಲ್ಲ. ಪೈಪಿನಲ್ಲೋ ತಡೆಯ ಹಿಂದೆಯೋ ಇರಬೇಕು. ನಮ್ಮ ಕಣದ ಬದಿಯಲ್ಲಿರುವುದು ಅದರ ಹದಿನಾರು ಪಟ್ಟು.

ಮೊದಲು ಜಾಲರಿ. ಮೇಲೆ ಹೇಳಿದ ಹತ್ತು ಪ್ಯಾನೆಲ್‌ನ ಚೌಕಟ್ಟಿಗೆ ಹಿಂಬದಿ 5.8 ಮೀಟರ್, ಬದಿಗಳು ತಲಾ 4.5 ಮೀಟರ್. ಆರಡಿ ಅಗಲದ, ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್ 16 ಮೀಟರ್ ತಂದರೆ ಮೂರೂ ಕಡೆಗೆ ಆಗುತ್ತದೆ. ಬದಿಗಳಿಗೆ ಓರೆಯಾಗಿ ಕತ್ತರಿಸಿ ಮಿಕ್ಕ ತುಂಡುಗಳು ಮುಂದಿನ ಗಿಡ್ಡ ಸಂದಿಗೆ. ಎರಡಿಂಚು ಕಣ್ಣಿನ ಚೈನ್‌ಲಿಂಕ್ ಬೇಡ, ಮಗುವಿನ ಕೈ ಆರಾಮಾಗಿ ತೂರುತ್ತದೆ, ಇಲಿ ಅಳಿಲುಗಳೂ ನುಗ್ಗುತ್ತವೆ. ಕೆಳಗಿನ ಅರ್ಧ ಅಡಿಯನ್ನು ಮಣ್ಣಿನಲ್ಲಿ ಹೂಳಿ, ಇಲ್ಲದಿದ್ದರೆ ಹೆಗ್ಗಣ ಕೊರೆದು ಒಳಗೆ ಬರುತ್ತದೆ. ತಂತಿ ಕಡಿಯುವುದರಲ್ಲಿ ಅದು ಯಂತ್ರಕ್ಕಿಂತ ಮುಂದೆ. ಹಿಂದೆ ಒಂದು ಬಾಗಿಲು, ಬೀಗ. ಜಾಲರಿಯನ್ನೂ ಬಾಗಿಲನ್ನೂ ಅರ್ಥಿಂಗ್‌ಗೆ ಸೇರಿಸಲೇಬೇಕು. ಒಳಗೆ ಹುಲ್ಲು ಬೆಳೆಯದಂತೆ ಕಳೆ ತಡೆಯುವ ಹಾಸು ಹಾಸಿ, ಅದರ ಮೇಲೆ ಮೂರಿಂಚು ಜಲ್ಲಿ, ಒಟ್ಟು ಎರಡು ಘನ ಮೀಟರ್ ಆಗಬಹುದು. ಆಗ ಕಳೆ ಯಂತ್ರ ಒಳಗೆ ಹೋಗುವ ಪ್ರಮೇಯವೇ ಇಲ್ಲ.

ಈ ಎಲ್ಲ ಕೆಲಸಕ್ಕೆ ಮುಂಚೆ ತಂತಿ ಸರಿಮಾಡಿಸಿ. ಅದು ತಿಳಿದವರ ಕೆಲಸ, ತೋಟದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ಕೈಯಲ್ಲಿ ಮಾಡಿಸುವುದಲ್ಲ. ಹರಿದ ತಂತಿಗೆ ಟೇಪ್ ಸುತ್ತಿ ಮುಗಿಸಲು ಬಿಡಬೇಡಿ, ಆ ತುಂಡನ್ನೇ ಬದಲಿಸಬೇಕು. ಹೊಸ ತಂತಿಯ ಮೈಮೇಲೆ ಸೋಲಾರ್ ತಂತಿಯ ಭಾರತೀಯ ಮಾನಕವಾದ ಐಎಸ್ 17293 ಎಂದು ಅಚ್ಚಾಗಿರಬೇಕು, 4 ಚದರ ಮಿಲಿಮೀಟರ್. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ನ ಗಂಡು ಹೆಣ್ಣು ಎರಡೂ ಒಂದೇ ಕಂಪನಿಯವಾಗಿರಲಿ. ಬೇರೆ ಬೇರೆಯವು ಕೂರುತ್ತವೆ, ಆದರೆ ಒಳಗೆ ಸರಿಯಾಗಿ ಕಚ್ಚದೆ ಬಿಸಿಯಾಗಿ ಕರಗುತ್ತವೆ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಬೆಂಕಿಯ ನಾಲಿಗೆಯೇ ಏಳುತ್ತದೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಅದರ ಕಿಡಿ ಆರುತ್ತದೆ, ಡಿಸಿ ಸೊನ್ನೆಗೆ ಬರುವುದೇ ಇಲ್ಲ.

ತಂತಿಯನ್ನು ಪ್ಯಾನೆಲ್ ಚೌಕಟ್ಟಿಗೆ ಸ್ಟೀಲ್ ಕ್ಲಿಪ್‌ನಿಂದ ಹಿಡಿಸಿ, ಜಾಲರಿಯಿಂದ ಒಂದು ಗೇಣಾದರೂ ದೂರ. ಕಾಲಿನಿಂದ ಇಳಿಯುವ ಭಾಗ ಪೂರ್ತಿ ಜಿಐ ಪೈಪಿನಲ್ಲಿ. ಪೈಪಿನ ಕತ್ತರಿಸಿದ ಬಾಯನ್ನು ಅರದಿಂದ ಉಜ್ಜಿ ಬುಷ್ ಎಂಬ ನಯವಾದ ಬಳೆ ಹಾಕದಿದ್ದರೆ ಅದೇ ತಂತಿಯನ್ನು ಕೊಯ್ಯುತ್ತದೆ. ಆರು ತಂತಿ ಇದ್ದರೆ 25 ಮಿಲಿಮೀಟರ್ ಪೈಪ್ ಬಿಗಿ, 32ರದ್ದು ತನ್ನಿ. ಮನೆಯೊಳಗೆ ಬಳಸುವ ಬಿಳಿ ಪಿವಿಸಿ ಪೈಪ್ ಬಿಸಿಲಿಗೆ ಸಿಡಿಯುತ್ತದೆ, ಬೇಡ. ನೆಲದಡಿಗೆ ಡಿಡಬ್ಲ್ಯುಸಿ (ಎರಡು ಪದರದ, ಹೊರಗೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್) ಪೈಪ್, ಎರಡೂವರೆ ಅಡಿ ಆಳ, ಮೇಲೆ ಮರಳು, ಇಟ್ಟಿಗೆ, ಎಚ್ಚರಿಕೆ ಪಟ್ಟಿ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವವರ ಗುದ್ದಲಿಗೆ ಮೊದಲು ಆ ಪಟ್ಟಿ ಸಿಗಬೇಕು.

ಆನೆಗೆಂದು ಹಾಕಿದ ಸೋಲಾರ್ ಬೇಲಿ ಇದ್ದರೆ ಅದರ ತಂತಿಯನ್ನು ಪ್ಯಾನೆಲ್ ಕಾಲಿಗೆ ಕಟ್ಟಬೇಡಿ. ಬೇಲಿ ಯಂತ್ರದ ಅರ್ಥಿಂಗ್ ಗುಂಡಿಯೂ ಬೇರೆ, ಪ್ಯಾನೆಲ್ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್ ಆಚೆ. ಬೇಲಿಯ ಹೊಡೆತ ಕ್ಷಣಕ್ಕೊಮ್ಮೆ ಬಂದು ಬಿಡುತ್ತದೆ, ಪ್ಯಾನೆಲ್‌ನದ್ದು ಬಿಡುವುದಿಲ್ಲ. ಬೇಲಿ ಮುಟ್ಟಿ ರೂಢಿಯಾದವರು ಇದನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅವರಿಗೆ ಬಿಡಿಸಿ ಹೇಳಿ.

ಯಾರಾದರೂ ತಂತಿಗೆ ಅಂಟಿಕೊಂಡರೆ ಬರಿಗೈಯಲ್ಲಿ ಎಳೆಯಬೇಡಿ. ಐಸೊಲೇಟರ್ (ಪ್ಯಾನೆಲ್ ತಂತಿಯನ್ನು ಇನ್ವರ್ಟರ್‌ನಿಂದ ಬೇರ್ಪಡಿಸುವ ಸ್ವಿಚ್) ಆಫ್ ಮಾಡಿದರೂ ಅದಕ್ಕೂ ಪ್ಯಾನೆಲ್‌ಗೂ ನಡುವಿನ ತಂತಿ ಸಾಯುವುದಿಲ್ಲ. ಒಣ ಬಿದಿರಿನ ಗಳದಿಂದ ತಳ್ಳಿ ಬಿಡಿಸಿ, 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.

ಜಾಲರಿಯ ಬಾಗಿಲಿಗೆ ಮಿಂಚಿನ ಚಿತ್ರವಿರುವ ಫಲಕ ಹಾಕಿ, 'ಸ್ವಿಚ್ ಆಫ್ ಇದ್ದರೂ ಈ ತಂತಿಯಲ್ಲಿ ಕರೆಂಟ್ ಇದೆ' ಎಂದು ಕನ್ನಡದಲ್ಲಿ ಬರೆಸಿ. ಅಸ್ಸಾಂ, ಬಂಗಾಳದಿಂದ ಬಂದವರು ತೋಟದಲ್ಲಿದ್ದರೆ ಅವರ ಭಾಷೆಯಲ್ಲೂ ಅದೇ ಸಾಲು ಇರಲಿ. ಕಳೆ ಯಂತ್ರ ಹಿಡಿಯುವವರು ಎಷ್ಟೋ ಕಡೆ ಅವರೇ.