20 ಲ್ಯಾಂಡ್ ಸಾಕು ಅಂದುಕೊಂಡಿದ್ದೆ: ಮ್ಯಾಜಿಕ್ ಅರೀನಾ ಜೊತೆ ಎರಡು ವರ್ಷ

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದ ಆ್ಯಪ್ ಅರೀನಾ ಎರಡು ವರ್ಷದಿಂದ ನನ್ನ ಫೋನಿನಲ್ಲಿದೆ. ಆಡಲು ದುಡ್ಡು ಕೊಡಬೇಕಾಗಿಲ್ಲ. ಪಂದ್ಯಗಳಿಗಿಂತ ಜಾಸ್ತಿ ಹೊತ್ತು ನಾನು ಕಳೆದಿರುವುದು ಅದರ ಡೆಕ್ (ಆಡಲು ನಾವೇ ಆರಿಸಿಕೊಳ್ಳುವ ಕಾರ್ಡ್‌ಗಳ ಕಟ್ಟು) ಕಟ್ಟುವ ಪರದೆಯಲ್ಲಿ.

ನನ್ನದು ಹಸಿರು-ಬಿಳಿ ಡೆಕ್, 60 ಕಾರ್ಡ್. ಒಳ್ಳೆಯ ಕಾರ್ಡ್ ಬಿಡಲು ಮನಸ್ಸಾಗದೆ ಲ್ಯಾಂಡ್‌ಗಳನ್ನು, ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ಮನಾ ಎಂಬ ಶಕ್ತಿ ಕೊಡುವ ಕಾರ್ಡ್‌ಗಳನ್ನು, 20ಕ್ಕೆ ಇಳಿಸಿದ್ದೆ. ಫೋನಿನಲ್ಲಿ ಚೆನ್ನಾಗಿಯೇ ಗೆಲ್ಲುತ್ತಿದ್ದೆ. ಅದೇ ಡೆಕ್ಕನ್ನು ಕಾಗದದ ಕಾರ್ಡ್‌ಗಳಲ್ಲಿ ಜೋಡಿಸಿ ತಮ್ಮನ ಜೊತೆ ಕೂತೆ. ಮೂರು ಆಟದಲ್ಲಿ ಎರಡು ಸಲ ಕೈಗೆ ಬಂದದ್ದು ಒಂದೇ ಲ್ಯಾಂಡ್. ಲ್ಯಾಂಡ್ ಇಲ್ಲದೆ ಮನಾ ಇಲ್ಲ, ಮನಾ ಇಲ್ಲದೆ ಯಾವ ಕಾರ್ಡೂ ಇಳಿಯುವುದಿಲ್ಲ, ಅಲ್ವಾ? ಬೇಜಾರಾಯಿತು.

ಆಮೇಲೆ ಕಾರಣ ತಿಳಿಯಿತು. ಒಂದೇ ಆಟದ ಪಂದ್ಯದಲ್ಲಿ ಅರೀನಾ ಒಂದಕ್ಕಿಂತ ಹೆಚ್ಚು ಸಲ ಕೈ (ಶುರುವಿನ ಏಳು ಕಾರ್ಡ್) ಎಳೆದು ನೋಡುತ್ತದೆ. ಡೆಕ್‌ನ ಲ್ಯಾಂಡ್ ಪ್ರಮಾಣಕ್ಕೆ ಹತ್ತಿರವಾದ ಕೈ ಸಿಗುವ ಅವಕಾಶ ಅಲ್ಲಿ ಹೆಚ್ಚು. ಮೇಜಿನ ಮೇಲೆ ಈ ಸಹಾಯ ಇಲ್ಲ. ಮೂರು ಆಟದ ಪಂದ್ಯದಲ್ಲೂ ಇಲ್ಲ. ಹಾಗಾಗಿ ಈಗ ಡೆಕ್ ಪರೀಕ್ಷೆಗೆ ಮೂರು ಆಟದ ಪಂದ್ಯವನ್ನೇ ಆಡುತ್ತೇನೆ.

ಕೂತು ಲೆಕ್ಕವನ್ನೂ ಹಾಕಿದೆ. 20 ಲ್ಯಾಂಡ್ ಇದ್ದರೆ, ಮೊದಲ ಏಳು ಕಾರ್ಡ್‌ಗಳಲ್ಲಿ ಒಂದೇ ಲ್ಯಾಂಡ್ ಬರುವ ಅಥವಾ ಒಂದೂ ಬಾರದ ಸಾಧ್ಯತೆ ನೂರಕ್ಕೆ ಸುಮಾರು 25. 24 ಲ್ಯಾಂಡ್ ಇದ್ದರೆ ಅದು ಸುಮಾರು 14ಕ್ಕೆ ಇಳಿಯುತ್ತದೆ. ಬರೀ ನಾಲ್ಕು ಕಾರ್ಡಿನ ವ್ಯತ್ಯಾಸ! ಕಡಿಮೆ ಮನಾದ ಕಾರ್ಡ್‌ಗಳೇ ತುಂಬಿರುವ ಕೆಂಪು ಡೆಕ್‌ಗೆ 20 ನಡೆಯುತ್ತದೆ. ಐದು, ಆರು ಮನಾ ಕೇಳುವ ನನ್ನ ಡೆಕ್‌ಗೆ ನಡೆಯುವುದಿಲ್ಲ.

ಲ್ಯಾಂಡ್‌ಗಳನ್ನು ತಾನೇ ಹಾಕುವ ಸೌಲಭ್ಯವೂ ಆ್ಯಪ್‌ನಲ್ಲಿದೆ. ಕಾರ್ಡ್‌ಗಳ ಮೇಲಿನ ಬಣ್ಣದ ಗುರುತು ನೋಡಿ ಹಂಚುತ್ತದೆ. ಹೊಸಬರಿಗೆ ತುಂಬಾ ಉಪಯೋಗ. ಆದರೆ ಯಾವ ಬಣ್ಣ ಎಷ್ಟು ಬೇಗ ಬೇಕು ಅನ್ನುವುದನ್ನು ನಾವೇ ಯೋಚಿಸಬೇಕು. ನನ್ನ ಡೆಕ್‌ನ ಲಾನೊವಾರ್ ಎಲ್ವ್ಸ್ ಅನ್ನುವ ಹಸಿರು ಕಾರ್ಡ್ ಮೊದಲ ಸರದಿಯಲ್ಲೇ ಇಳಿದರೆ ಚೆಂದ, ಅದಕ್ಕೆ ಹಸಿರು ಮನಾ ಬೇಕು. ಬಿಳಿ ಕಾರ್ಡ್‌ಗಳಿಗೆ ನಾಲ್ಕನೇ ಸರದಿವರೆಗೂ ಅವಸರವಿಲ್ಲ. ಅದಕ್ಕೇ ಹಸಿರು ಮನಾ ಕೊಡುವ ಫಾರೆಸ್ಟ್ 14, ಬಿಳಿ ಮನಾ ಕೊಡುವ ಪ್ಲೇನ್ಸ್ 10 ಇಟ್ಟೆ.

ಫಾರೆಸ್ಟ್, ಪ್ಲೇನ್ಸ್‌ನಂಥ ಮೂಲ ಲ್ಯಾಂಡ್‌ಗಳು ಎಷ್ಟು ಬೇಕಾದರೂ ಸಿಗುತ್ತವೆ. ರೇರ್ ವೈಲ್ಡ್‌ಕಾರ್ಡ್‌ಗಳನ್ನು (ಕೊಟ್ಟು ಬೇಕಾದ ರೇರ್ ಕಾರ್ಡ್ ಪಡೆಯಬಹುದು) ಮಾತ್ರ ದೊಡ್ಡ ಡ್ರ್ಯಾಗನ್‌ಗೆ ಸುರಿಯಬೇಡಿ, ಮೊದಲು ಎರಡು ಬಣ್ಣ ಕೊಡುವ ಲ್ಯಾಂಡ್ ತಗೊಳ್ಳಿ. ನಾನು ಹಸಿರು, ಬಿಳಿ ಎರಡೂ ಕೊಡುವ ಟೆಂಪಲ್ ಗಾರ್ಡನ್ ನಾಲ್ಕು ತಗೊಂಡೆ. ಈಗ 12 ಫಾರೆಸ್ಟ್, 8 ಪ್ಲೇನ್ಸ್ ಸಾಕು. ಲ್ಯಾಂಡ್ ಅದೇ 24, ಆದರೆ ಹಸಿರು 16 ಕಡೆಯಿಂದ, ಬಿಳಿ 12 ಕಡೆಯಿಂದ ಸಿಗುತ್ತದೆ. ಹೋದ ಭಾನುವಾರ ತಮ್ಮನ ಎದುರು ಐದೂ ಆಟದಲ್ಲಿ ಎಲ್ವ್ಸ್ ಎರಡನೇ ಸರದಿಯೊಳಗೆ ಇಳಿಯಿತು.